ಗುಳಿಗೆ ಪುಕ್ಕಟೆ ಸಿಗುತ್ತದೆ, ಅಲ್ಲಿವರೆಗೆ ಹೋಗಲು ನೆರವಾಗಿ: ಎಚ್‌ಐವಿ ಇರುವವರಿಗಾಗಿ ಒಂದು ದೇಣಿಗೆ ಮನವಿ

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಎಚ್‌ಐವಿ ಇರುವವರ ಮನೆಗಳಿಗೆ ಹೋಗಿ ಬರುವ ಒಂದು ಸಣ್ಣ ಟ್ರಸ್ಟ್ ನಮ್ಮದು. ನಮ್ಮಲ್ಲಿ ಓಡಾಡುವ ಹೆಚ್ಚಿನವರಿಗೆ ಎಚ್‌ಐವಿ ಇದೆ, ಇಲ್ಲವೇ ಅವರ ಮನೆಯಲ್ಲಿ ಯಾರಿಗಾದರೂ ಇದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ, ಈ ಮನವಿಯ ಜೊತೆ ಒಂದೂ ಫೋಟೋ ಇಲ್ಲ. ಮಗುವಿನ ಮುಖ ತೋರಿಸಿದರೆ ದುಡ್ಡು ಬೇಗ ಬರುತ್ತದೆ ಅಂತ ನಮಗೂ ಗೊತ್ತು. ಆದರೆ ಆ ಫೋಟೋ ಸುತ್ತಿ ಸುತ್ತಿ ಅದೇ ಊರಿನ ವಾಟ್ಸಾಪ್ ಗ್ರೂಪಿಗೆ ಬಂದು ಬಿದ್ದರೆ ಆ ಮಗು ಮರುದಿನ ಶಾಲೆಗೆ ಹೋಗೋದು ಹೇಗೆ? ಕಾನೂನೂ ಬಿಡುವುದಿಲ್ಲ, ನಮ್ಮ ಮನಸ್ಸೂ ಒಪ್ಪುವುದಿಲ್ಲ. ಹಾಗಾಗಿ ಯಾರ ಹೆಸರೂ, ಯಾವ ಹಳ್ಳಿಯ ಹೆಸರೂ ಎತ್ತದೆ ನಮ್ಮ ಕೆಲಸ ಏನು, ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತೇವೆ. ನಿಧಾನವಾಗಿ ಓದಿ.

ನಮ್ಮ ಭಾಗಕ್ಕೆ ಈ ಕಾಯಿಲೆ ಹೊಸದಲ್ಲ. ದೇಶದಲ್ಲಿ ಮೊದಲ ಸಲ ಎಚ್‌ಐವಿ ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ. ಅದಾಗಿ ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ನಮ್ಮ ಹಳ್ಳಿಗಳ ಒಳಗೇ ಬಂದಿತ್ತು. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ಜನಸಾಮಾನ್ಯರ ನಡುವೆಯೇ ಒಂದು ಸಮೀಕ್ಷೆ ಆಯಿತು. ದೊಡ್ಡವರಲ್ಲಿ ನೂರಕ್ಕೆ ಹೆಚ್ಚುಕಡಿಮೆ 3 ಮಂದಿಗೆ ಎಚ್‌ಐವಿ ಇತ್ತು, ಅದೂ ಪಟ್ಟಣಕ್ಕಿಂತ ಹಳ್ಳಿಯಲ್ಲೇ ಜಾಸ್ತಿ. ಆ ಕಾಲದಲ್ಲಿ ಮೊದಲು ಗಂಡ, ಆಮೇಲೆ ಹೆಂಡತಿ ಹೋದ ಮನೆಗಳು ಎಷ್ಟೋ. ಮಕ್ಕಳನ್ನು ಅಜ್ಜಿಯರು ಸಾಕಿದರು. ಹೊಲ ಮಾರಿ ಊರೂರು ಡಾಕ್ಟರ ಹತ್ತಿರ ಅಲೆದವರಿದ್ದಾರೆ, ಬೇರು ನಾರು ಕೊಡುವವರ ಕೈಗೆ ಸಿಕ್ಕಿ ಇದ್ದಬದ್ದ ಬಂಗಾರ ಕಳೆದುಕೊಂಡವರೂ ಇದ್ದಾರೆ.

ಈಗ ಹಾಗಿಲ್ಲ. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಔಷಧಿಯನ್ನು, ಅಂದರೆ ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಗುಳಿಗೆಯನ್ನು, ಪುಕ್ಕಟೆ ಕೊಡಲು ಶುರು ಮಾಡಿತು. 2017ರಿಂದ ಪರೀಕ್ಷೆಯಲ್ಲಿ ಎಚ್‌ಐವಿ ಇದೆ ಅಂತ ಗೊತ್ತಾದ ಎಲ್ಲರಿಗೂ ಚಿಕಿತ್ಸೆ ಕೊಡುತ್ತಾರೆ, ಮೊದಲಿನ ಹಾಗೆ ಶಕ್ತಿ ಕುಂದುವ ತನಕ ಕಾಯಬೇಕಿಲ್ಲ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ, ಅದರಲ್ಲೇ ಮೂರು ಔಷಧಿ ಸೇರಿರುತ್ತದೆ. ದಿನಾ ತಪ್ಪದೆ ತಗೊಂಡರೆ ಕೆಲವು ತಿಂಗಳಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೆ ಕಡಿಮೆಯಾಗಿ, ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಇದನ್ನು ದಯವಿಟ್ಟು ಇನ್ನೊಮ್ಮೆ ಓದಿ, ಮನೆಯಲ್ಲೂ ಹೇಳಿ. ಎಷ್ಟೋ ಜನರಿಗೆ, ಗುಳಿಗೆ ತಗೊಳ್ಳುವವರಿಗೂ, ಈ ಒಂದು ವಿಷಯ ಇನ್ನೂ ಗೊತ್ತಿಲ್ಲ.

ಎಲ್ಲಾ ಪುಕ್ಕಟೆ ಅಂದಮೇಲೆ ದುಡ್ಡು ಯಾಕೆ ಅಂತ ಕೇಳ್ತೀರಿ ಅಲ್ವಾ? ಕೇಳಲೇಬೇಕು.

ಗುಳಿಗೆ ಇರುವುದು ಪಟ್ಟಣದ ಆಸ್ಪತ್ರೆಯ ಎಆರ್‌ಟಿ ಸೆಂಟರಿನಲ್ಲಿ. ಕೂಲಿ ಮಾಡುವ ಹೆಂಗಸು ಅಲ್ಲಿಗೆ ಹೋಗಬೇಕೆಂದರೆ ಅವತ್ತಿನ ಕೂಲಿ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳ ಬಸ್ ಖರ್ಚು ಉಳಿದಿದೆ, ಇದು ನಿಜವಾಗಲೂ ದೊಡ್ಡ ಉಪಕಾರ. ಆದರೆ ಬಸ್ಸೇ ಬಾರದ ಊರಿನಿಂದ ಮೇನ್ ರೋಡಿನ ತನಕ ಟಂಟಂಗೆ ಕೊಡಬೇಕು, ಗಂಡಸರಿಗೆ ಟಿಕೆಟ್ ತೆಗೆಯಲೇಬೇಕು, ಮಧ್ಯಾಹ್ನ ಹೊಟ್ಟೆಗೆ ಏನಾದರೂ ಬೇಕು. ಇನ್ನು ಕೆಲವರು ಹತ್ತಿರದ ಸೆಂಟರಿಗೆ ಹೋಗುವುದೇ ಇಲ್ಲ. ಅಲ್ಲಿ ಬೀಗರು ಯಾರಾದರೂ ನೋಡಿಬಿಟ್ಟರೆ ಅಂತ ಪಕ್ಕದ ಜಿಲ್ಲೆಗೆ ಹೋಗುತ್ತಾರೆ, ಬೆಳಗಿನ ಜಾವ ಎದ್ದು ಹೊರಟರೆ ವಾಪಸ್ ಬರುವಾಗ ದೀಪ ಹಚ್ಚುವ ಹೊತ್ತು. ಒಂದು ತಿಂಗಳು ಹೋಗ್ತಾರೆ, ಎರಡನೇ ತಿಂಗಳೂ ಹೋಗ್ತಾರೆ, ಆಮೇಲೆ ಹಬ್ಬ, ಸುಗ್ಗಿ, ಮನೆಯಲ್ಲಿ ಮದುವೆ ಅಂತ ತಪ್ಪುತ್ತದೆ. ಗುಳಿಗೆ ನಿಂತಾಗ ವೈರಸ್ ಮತ್ತೆ ಏಳುತ್ತದೆ. ಪದೇ ಪದೇ ಬಿಟ್ಟು ಹಿಡಿದು ಮಾಡಿದರೆ ಅದೇ ಔಷಧಿಗೆ ಅದು ಜಗ್ಗದಂತೆಯೂ ಆಗಬಹುದು. ನಮ್ಮ ಕೆಲಸ ಇರುವುದೇ ಇಲ್ಲಿ, ಆಸ್ಪತ್ರೆಯ ಕಿಟಕಿಗೂ ಆ ಮನೆಯ ಹೊಸ್ತಿಲಿಗೂ ನಡುವೆ.

ನಮ್ಮ ಕಾರ್ಯಕರ್ತೆಯನ್ನು ಹಳ್ಳಿಯಲ್ಲಿ ಎಲ್ಲರೂ ಅಕ್ಕಾರು ಅಂತಲೇ ಕರೆಯುತ್ತಾರೆ. ಅವರು ಕೊರಳಲ್ಲಿ ಬ್ಯಾಡ್ಜ್ ಹಾಕುವುದಿಲ್ಲ, ಟ್ರಸ್ಟಿನ ಹೆಸರಿರುವ ಚೀಲ ಹಿಡಿಯುವುದಿಲ್ಲ. ಒಂದೇ ಮನೆಗೆ ಹೋದರೆ ಓಣಿಯವರಿಗೆ ಅನುಮಾನ ಬರುತ್ತದೆ ಅಂತ ಆಚೀಚೆ ನಾಲ್ಕು ಮನೆಗೂ ಹೋಗಿ ಸಕ್ಕರೆ ಕಾಯಿಲೆ, ಬಿಪಿ, ಬಸುರಿಯರ ಊಟ ಅಂತ ಮಾತಾಡಿ ಬರುತ್ತಾರೆ. ಒಬ್ಬ ತಾಯಿ ಜೋಳದ ಡಬ್ಬಿಯ ತಳದಲ್ಲಿ ಗುಳಿಗೆ ಬಾಟಲಿ ಇಟ್ಟಿದ್ದರು. ಮೇಲಿನ ಚೀಟಿ ಪೂರಾ ಕೆರೆದು ತೆಗೆದಿದ್ದರು. ಒಳಗೆ ಹತ್ತಿ ತುರುಕಿದ್ದರು. ಹತ್ತಿ ಯಾಕವ್ವಾ ಅಂದರೆ, "ಡಬ್ಬಿ ತಗದಾಗ ಗುಳಗಿ ಸಪ್ಪಳ ಆಕ್ಕಾವ್ರೀ, ಅತ್ತಿ ಕೇಳಿದ್ರ ಏನ್ ಹೇಳ್ಲಿ" ಅಂದರು. ಮನೆಯಲ್ಲಿ ಅತ್ತೆಗೆ ಗೊತ್ತಿಲ್ಲ, ಗಂಡ ತೀರಿಕೊಂಡಿದ್ದು ಕಾಮಾಲೆಯಿಂದ ಅಂತಲೇ ಹೇಳಿದ್ದಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ನೀರು ಕುಡಿಯುವ ನೆಪದಲ್ಲಿ ಎದ್ದು ಗುಳಿಗೆ ತಗೊಳ್ಳುತ್ತಾರೆ. ಇಂಥವರಿಗೆ ಮಾತಾಡಲು ಒಬ್ಬರು ಬೇಕು. ಅದನ್ನು ಯಾವ ಸೆಂಟರಿನ ಕೌಂಟರಿನಲ್ಲೂ ಕೊಡಲಾಗುವುದಿಲ್ಲ, ಅಲ್ಲಿನ ಸಿಬ್ಬಂದಿಯ ಮುಂದೆ ಉದ್ದ ಸಾಲೇ ಇರುತ್ತದೆ. ತನಗೂ ಇದೇ ಕಾಯಿಲೆ ಇದೆ, ತಾನೂ ವರ್ಷಗಟ್ಟಲೆ ಇದೇ ಗುಳಿಗೆ ತಗೊಂಡು ಗಟ್ಟಿಯಾಗಿದ್ದೇನೆ ಅಂತ ಹೇಳುವ ಅಕ್ಕ ಪಕ್ಕದಲ್ಲಿ ಕೂತರೆ ಆ ತಾಯಿಯ ಮುಖವೇ ಬೇರೆ ಆಗುತ್ತದೆ.

ಗುಳಿಗೆಯ ಜೊತೆಗೆ ಊಟ. ಹೊಟ್ಟೆ ಖಾಲಿ ಇದ್ದರೆ ಗುಳಿಗೆ ತಲೆ ತಿರುಗಿಸುತ್ತದೆ ಅಂತ ಬಿಟ್ಟವರನ್ನು ಕಂಡಿದ್ದೇವೆ. ಮೈ ಸೊರಗಿದರೆ ಕ್ಷಯ ಬೇಗ ಹಿಡಿಯುತ್ತದೆ, ಎಚ್‌ಐವಿ ಇರುವವರ ಜೀವ ತೆಗೆಯುವುದರಲ್ಲಿ ಇವತ್ತಿಗೂ ಕ್ಷಯವೇ ಮುಂದೆ. ನಾವು ಹೊರಗಿನ ಪೌಡರ್ ಡಬ್ಬಿ ಕೊಡುವುದಿಲ್ಲ. ಜೋಳ, ತೊಗರಿಬೇಳೆ, ಶೇಂಗಾ, ಬೆಲ್ಲ, ಎಣ್ಣೆ ಕೊಡುತ್ತೇವೆ. ಮಕ್ಕಳಿರುವ ಮನೆಗೆ ಶೇಂಗಾ ಉಂಡಿ ಕಟ್ಟಿ ಕೊಡುತ್ತೇವೆ, ಉಂಡಿ ಕಟ್ಟುವುದೂ ನಮ್ಮ ಸಂಘದ ಹೆಣ್ಣುಮಕ್ಕಳೇ, ಅವರಿಗೆ ಅದರಿಂದ ನಾಲ್ಕು ಕಾಸು ಕೂಲಿಯೂ ಆಗುತ್ತದೆ.

ಬಸುರಿಯರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ನಮ್ಮ ಕೈಯಲ್ಲಿ ಗೆಲುವು ಇದೆ. ಚಿಕಿತ್ಸೆ ಏನೂ ಇಲ್ಲದಿದ್ದರೆ ಎಚ್‌ಐವಿ ಇರುವ ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 15ರಿಂದ 45. ತಾಯಿ ಸರಿಯಾಗಿ ಗುಳಿಗೆ ತಗೊಂಡು, ಹುಟ್ಟಿದ ಮಗುವಿಗೆ ಕೂಡಲೇ ಔಷಧಿ ಹನಿ ಹಾಕಿದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಆರು ವಾರಕ್ಕೆ ಮಗುವಿನ ಹಿಮ್ಮಡಿ ಚುಚ್ಚಿ ಒಂದು ದಪ್ಪ ಕಾಗದದ ಮೇಲೆ ರಕ್ತದ ಹನಿ ಒತ್ತಿ, ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿಗೆ ಮುಗಿಯುವುದಿಲ್ಲ, ಮತ್ತೆ ಪರೀಕ್ಷೆ, ಮತ್ತೆ ಪರೀಕ್ಷೆ, ಕೊನೆಯದ್ದು ಒಂದೂವರೆ ವರ್ಷಕ್ಕೆ. ಅಷ್ಟು ದಿನ ಆ ತಾಯಿ ಹೇಗೆ ಇರುತ್ತಾಳೆ ಯೋಚಿಸಿ. ಮೊದಲ ಹೆರಿಗೆ ಅಂತ ತವರಿಗೆ ಹೋಗಿಬಿಡುತ್ತಾಳೆ, ತವರು ವಿಜಯಪುರದಲ್ಲೋ ರಾಯಚೂರಿನಲ್ಲೋ ಇರುತ್ತದೆ, ಅಲ್ಲಿನ ನರ್ಸಮ್ಮನಿಗೆ ಇವಳ ವಿಷಯ ಗೊತ್ತಿರುವುದಿಲ್ಲ, ಇವಳು ಹೇಳುವುದೂ ಇಲ್ಲ. ಹಾಗಾಗಿ ಏಳನೇ ತಿಂಗಳಿಂದಲೇ ನಮ್ಮವರು ಬೆನ್ನು ಬಿಡುವುದಿಲ್ಲ. ಹೆರಿಗೆ ಎಲ್ಲಿ, ಜೊತೆಗೆ ಯಾರು, ರಾತ್ರಿ ನೋವು ಬಂದರೆ ಗಾಡಿ ಯಾವುದು, ಎಲ್ಲಾ ಮೊದಲೇ ಗೊತ್ತು ಮಾಡಿ ಇಡುತ್ತಾರೆ, ಬೇಕಾದರೆ ಆಸ್ಪತ್ರೆಯ ಬಾಗಿಲಲ್ಲೇ ರಾತ್ರಿ ಕಳೆಯುತ್ತಾರೆ. ಮಗು ನೆಗೆಟಿವ್ ಅಂತ ಕೊನೆಯ ರಿಪೋರ್ಟ್ ಬಂದ ದಿನ ಆಫೀಸಿಗೆ ಪೇಢೆ ಬರುತ್ತದೆ. ಕಾರಣ ಹೇಳದೆ ಓಣಿಗೆಲ್ಲಾ ಪೇಢೆ ಹಂಚಿದ ಅಜ್ಜಿಯೂ ಒಬ್ಬರಿದ್ದಾರೆ.

ಇನ್ನು ಆ ಕಾಲದಲ್ಲಿ ಎಚ್‌ಐವಿಯೊಂದಿಗೇ ಹುಟ್ಟಿದ ಮಕ್ಕಳು ಈಗ ಹೈಸ್ಕೂಲು, ಕಾಲೇಜು, ಕೆಲವರು ಕೆಲಸಕ್ಕೂ ಸೇರಿದ್ದಾರೆ. ಹದಿನಾಲ್ಕು ಹದಿನೈದು ವಯಸ್ಸಿನಲ್ಲಿ ನಾನೊಬ್ಬನೇ ಯಾಕೆ ದಿನಾ ಗುಳಿಗೆ ತಗೋಬೇಕು ಅಂತ ಹಟ ಮಾಡಿ ನಿಲ್ಲಿಸಿಬಿಡುತ್ತಾರೆ. ಅಜ್ಜಿಗೆ ಉತ್ತರ ಗೊತ್ತಿಲ್ಲ. ಇವರಿಗಾಗಿ ತಿಂಗಳಿಗೊಮ್ಮೆ ಒಂದು ದಿನ ಎಲ್ಲರನ್ನೂ ಸೇರಿಸುತ್ತೇವೆ, ಆಟ, ಊಟ, ಡಾಕ್ಟರ ಜೊತೆ ಮಾತು. ತನ್ನ ಹಾಗೆ ಇನ್ನೂ ಹುಡುಗರಿದ್ದಾರೆ ಅಂತ ಮೊದಲ ಸಲ ಗೊತ್ತಾಗುವುದು ಅಲ್ಲೇ.

ನಮ್ಮ ಜನ ಒಂದೇ ಕಡೆ ಇರುವುದೂ ಇಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ, ಗಾರೆ ಕೆಲಸಕ್ಕೆ ಗೋವಾ, ಮಂಗಳೂರು, ಬೆಂಗಳೂರು ಅಂತ ಗುಳೆ ಹೋಗುತ್ತಾರೆ. ಹೋಗುವ ಮೊದಲು ಹೇಳಿದರೆ ಸೆಂಟರಿನಲ್ಲಿ ಕೇಳಿ ಎರಡು ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಿಸಬಹುದು, ಅಥವಾ ಆ ಊರಿನ ಸೆಂಟರಿಗೆ ಹೆಸರು ಹಾಕಿಸಬಹುದು. ಹೇಳದೆ ಹೋದವರನ್ನು ಫೋನ್ ಮಾಡಿ ಹುಡುಕಬೇಕು. 2020ರ ಲಾಕ್‌ಡೌನಿನಲ್ಲಿ ನಮ್ಮವರು ಬೈಕಿನಲ್ಲಿ ಹೋಗಿ ಮನೆಮನೆಗೆ ಗುಳಿಗೆ ಮುಟ್ಟಿಸಿದರು. ಆಗ ಕಲಿತಿದ್ದು ಈಗಲೂ ಕೆಲಸಕ್ಕೆ ಬರುತ್ತಿದೆ.

ತಡೆಯುವ ಕೆಲಸದ ಬಗ್ಗೆಯೂ ಹೇಳಬೇಕು. ಕಾಂಡೋಮ್ ಬಳಸಿ, ಪರೀಕ್ಷೆ ಮಾಡಿಸಿ ಅಂತ ಗೋಡೆಯ ಮೇಲೆ ಬರೆದರೆ ಸಾಲದು. ಯಾರಿಗೆ ಅಪಾಯ ಜಾಸ್ತಿಯೋ ಅವರೇ ಮುಂದೆ ನಿಂತಾಗ ಕೆಲಸ ಆಗಿದೆ. ಕೋಲ್ಕತ್ತದ ಸೋನಾಗಾಚಿಯಲ್ಲಿ 1992ರಿಂದ, ನಮ್ಮ ಮೈಸೂರಿನಲ್ಲಿ 2004ರ ಸುಮಾರಿಂದ ಆಶೋದಯ ಸಮಿತಿಯಲ್ಲಿ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳೇ ಇದನ್ನು ಮಾಡಿ ತೋರಿಸಿದರು. ನಮ್ಮ ಕಡೆಯೂ ದೇವದಾಸಿ ತಾಯಂದಿರು ಸಂಘ ಕಟ್ಟಿಕೊಂಡು ಒಬ್ಬರನ್ನೊಬ್ಬರು ಕೈಹಿಡಿದು ಪರೀಕ್ಷೆಗೆ ಕರೆದುಕೊಂಡು ಹೋದರು. ಊರವರು ಮೂಗು ಮುರಿದ ಹೆಣ್ಣುಮಕ್ಕಳೇ ಊರನ್ನು ಉಳಿಸಲು ಓಡಾಡಿದರು ಅಂತ ನಾವು ನಂಬಿದ್ದೇವೆ. ಹಿಂದೆ ಇಂಥ ಕೆಲಸಕ್ಕೆ ಹೊರಗಿನ ದೊಡ್ಡ ಯೋಜನೆಗಳ ಹಣ ಇತ್ತು, ಈಗ ಅದು ತುಂಬಾ ಕಡಿಮೆ. ಕಾಯಿಲೆ ಕಡಿಮೆಯಾಯಿತು ಅಂತ ಎಲ್ಲರ ಗಮನ ಬೇರೆ ಕಡೆ ಹೋಗಿದೆ. ಆದರೆ ಕರ್ನಾಟಕದಲ್ಲಿ ಇವತ್ತೂ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ. ಅವರ ಗುಳಿಗೆ ಬದುಕಿಡೀ ನಡೆಯಬೇಕು.

ಕಾನೂನಿನ ಖರ್ಚೂ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸಿಕೊಳ್ಳದಿರುವುದು, ಆಸ್ಪತ್ರೆಯಲ್ಲಿ ಮುಟ್ಟದಿರುವುದು, ಬಾಡಿಗೆ ಮನೆ ಬಿಡಿಸುವುದು ತಪ್ಪು. ಗಂಡ ಸತ್ತ ಮೇಲೆ ಸೊಸೆಯನ್ನು ಇದೇ ಕಾರಣಕ್ಕೆ ಮನೆಯಿಂದ ಹೊರಗೆ ಹಾಕುವ ಹಾಗಿಲ್ಲ. ಆದರೆ ಹೊರಗೆ ಹಾಕುತ್ತಾರೆ. ಆಗ ವಕೀಲರು ಬೇಕು, ಹಿರಿಯರನ್ನು ಕೂರಿಸಿ ಮಾತಾಡಬೇಕು, ಹೊಲದ ಉತಾರದಲ್ಲಿ ಮಕ್ಕಳ ಹೆಸರು ಸೇರಿಸಲು ಕಚೇರಿ ಕಚೇರಿ ಅಲೆಯಬೇಕು. ನಮ್ಮ ವಕೀಲರು ಫೀಸು ತಗೊಳ್ಳುವುದಿಲ್ಲ, ಓಡಾಟದ ಖರ್ಚನ್ನಾದರೂ ನಾವು ಕೊಡಬೇಕಲ್ಲ.

ಈಗ ನೇರವಾಗಿ ಕೇಳುತ್ತೇವೆ. 300 ರೂಪಾಯಿ ಕೊಟ್ಟರೆ ಒಬ್ಬರು ಸೆಂಟರಿಗೆ ಹೋಗಿ, ಊಟ ಮಾಡಿ, ಗುಳಿಗೆ ತಗೊಂಡು ಬರುವ ಖರ್ಚಿಗೆ ಹಾಕುತ್ತೇವೆ. 1,000 ರೂಪಾಯಿ ಒಂದು ಮನೆಯ ತಿಂಗಳ ಕಾಳುಕಡಿಗೆ. ಅದಕ್ಕಿಂತ ಹೆಚ್ಚು ಕೊಡುವವರು ಒಬ್ಬ ಅಕ್ಕನ ತಿಂಗಳ ಗೌರವಧನವನ್ನು ವಹಿಸಿಕೊಂಡರೆ ನಮಗೆ ತುಂಬಾ ಹಗುರ, ಯಾಕೆಂದರೆ ಮನೆ ಭೇಟಿಗಳು ಅವರಿಂದಲೇ ನಡೆಯುವುದು. ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳು ತಿಂಗಳು ಸ್ವಲ್ಪ ಕೊಟ್ಟರೆ ನಮಗೆ ಹೆಚ್ಚು ಅನುಕೂಲ. ದುಬೈ, ಅಮೆರಿಕದಲ್ಲಿರುವ ನಮ್ಮ ಭಾಗದವರು ಸೀದಾ ಹಣ ಕಳಿಸಬೇಡಿ, ವಿದೇಶಿ ದೇಣಿಗೆಗೆ ಬೇರೆ ನಿಯಮ ಇದೆ, ಮೊದಲು ನಮ್ಮನ್ನು ಕೇಳಿ.

ಖಾತೆಯ ವಿವರವನ್ನು ಇಲ್ಲಿ ಹಾಕಿಲ್ಲ, ಫಾರ್ವರ್ಡ್ ಆಗುತ್ತಾ ಯಾರಾದರೂ ನಂಬರ್ ಬದಲಾಯಿಸುವ ಭಯ ಇದೆ. ಈ ಮನವಿ ಕಳಿಸಿದ ನಮ್ಮ ಸದಸ್ಯರನ್ನೇ ಕೇಳಿ, ಟ್ರಸ್ಟಿನ ಹೆಸರಿನಲ್ಲೇ ಇರುವ ಖಾತೆಯ ವಿವರ ಕೊಡುತ್ತಾರೆ. ಯಾರ ವೈಯಕ್ತಿಕ ಖಾತೆಗೂ, ಫೋನ್‌ಪೇ ನಂಬರಿಗೂ ಹಾಕಬೇಡಿ. ಪ್ರತಿ ದೇಣಿಗೆಗೂ ರಸೀದಿ ಇದೆ, 80ಜಿ ಅಡಿಯಲ್ಲಿ ಆದಾಯ ತೆರಿಗೆ ವಿನಾಯಿತಿಯೂ ಸಿಗುತ್ತದೆ, ಅದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಲೆಕ್ಕದ ಪುಸ್ತಕ ಆಫೀಸಿನಲ್ಲಿ ತೆರೆದೇ ಇರುತ್ತದೆ, ಬಂದು ನೋಡಿ. ಮನೆಗಳನ್ನು ಮಾತ್ರ ತೋರಿಸಲು ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಹಣ ಕೊಡಲು ಆಗದಿದ್ದರೆ ಜೋಳ, ಶೇಂಗಾ, ಬೆಲ್ಲ ಕೊಡಿ. ಸುಗ್ಗಿಯಲ್ಲಿ ಒಂದು ಚೀಲ ತೆಗೆದಿಟ್ಟರೂ ಸಾಕು, ನಾವೇ ಗಾಡಿ ತಂದು ಒಯ್ಯುತ್ತೇವೆ. ಬೈಕ್ ಇರುವ ಹುಡುಗರು ತಿಂಗಳಿಗೆ ಒಂದು ದಿನ ಕೊಟ್ಟರೂ ನಡೆಯುತ್ತದೆ, ಆದರೆ ಮೊದಲು ನಮ್ಮಲ್ಲಿ ಒಂದು ದಿನದ ತರಬೇತಿ ಆಗಬೇಕು, ನೋಡಿದ್ದು ಕೇಳಿದ್ದು ಹೊರಗೆ ಹೇಳುವುದಿಲ್ಲ ಅಂತ ಬರೆದುಕೊಡಬೇಕು. ನಿಮಗೇ ಏನಾದರೂ ಅನುಮಾನ ಇದ್ದರೆ, ನಿಮ್ಮವರು ಯಾರಿಗಾದರೂ ಪರೀಕ್ಷೆ ಬೇಕಿದ್ದರೆ, 1097ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಪುಕ್ಕಟೆ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.