ಮಗುವಿನ ಬೆರಳಿಗೆ ಸೂಜಿ ಚುಚ್ಚುವ ಮೊದಲು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಮಕ್ಕಳ ರಕ್ತದಲ್ಲಿ ಸೀಸದ ಪರೀಕ್ಷೆ ಎಂದೊಡನೆ ಮಾತೆಲ್ಲ ಯಂತ್ರದ ಸುತ್ತ ನಡೆಯುತ್ತದೆ. ಆದರೆ ಫಲಿತಾಂಶ ಹೆಚ್ಚಾಗಿ ಕೆಡುವುದು ರಕ್ತ ಯಂತ್ರ ಮುಟ್ಟುವ ಮೊದಲೇ, ಹೊರಗಿನ ಸೀಸ ಬೆರೆತು. ಅದನ್ನು ತಡೆಯಲು ಬೇಕಾದ ಕೆಲವು ನಿಯಮಗಳನ್ನು ಈ ಪರೀಕ್ಷೆಯ ಬಗ್ಗೆ ನೀವು ಹೊರಡಿಸುವ ಆದೇಶದಲ್ಲಿಯೇ ಸೇರಿಸಿ ಎಂದು ಕೋರಿ ಈ ಪತ್ರ ಬರೆಯುತ್ತಿದ್ದೇವೆ.

ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಅವರನ್ನು ವರ್ಷಗಟ್ಟಲೆ ಕಾಡಿದ್ದು ಇದೇ ತೊಡಕು. ವಯಸ್ಸು ತಿಳಿಯಲು ಕಲ್ಲಿನೊಳಗಿನ ಸೀಸ ಅಳೆಯಲು ಹೋದರೆ ಗಾಳಿ, ನೀರು, ಆಮ್ಲ, ಗಾಜಿನ ಪಾತ್ರೆ, ಕೆಲಸ ಮಾಡುವವರ ಕೂದಲು ಎಲ್ಲದರಿಂದಲೂ ಸೀಸ ಬಂದು ಸೇರುತ್ತಿತ್ತು. ಅದಕ್ಕಾಗಿಯೇ ಅವರು ಸೋಸಿದ ಗಾಳಿಯ ಪ್ರಯೋಗಾಲಯ ಕಟ್ಟಿಕೊಂಡರು. ಈ ಸೀಸವೆಲ್ಲ ಎಲ್ಲಿಂದ ಬಂತು ಎಂದು ಬೆನ್ನು ಹತ್ತಿದಾಗಲೇ, ಮನುಷ್ಯರ ಮೈಯಲ್ಲಿರುವ ಸೀಸ ಸಹಜ ಮಟ್ಟಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬ 1965ರ ಅವರ ಲೇಖನ ಹುಟ್ಟಿದ್ದು. ಆ ಸೀಸದ ದೊಡ್ಡ ಮೂಲವಾಗಿದ್ದ ಕಾರುಗಳ ಪೆಟ್ರೋಲಿನಿಂದ ಸೀಸ ಜಗತ್ತಿನಾದ್ಯಂತ ಪೂರ್ತಿ ತೊಲಗಿದ್ದು 2021ರಲ್ಲಿ.

ನಾವು ಅಳೆಯುವ ಪ್ರಮಾಣ ಎಷ್ಟು ಚಿಕ್ಕದೆಂದು ನೋಡಿ. ಒಂದು ಡೆಸಿಲೀಟರ್ (ನೂರು ಮಿಲಿಲೀಟರ್) ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಕಂಡರೆ ಅದರ ಮೂಲ ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆರಳಿನಿಂದ ತೆಗೆದ 50 ಮೈಕ್ರೋಲೀಟರ್ ರಕ್ತದಲ್ಲಿ ಆಗ ಇರುವ ಸೀಸ 2.5 ನ್ಯಾನೋಗ್ರಾಂ (ನ್ಯಾನೋಗ್ರಾಂ ಎಂದರೆ ಮೈಕ್ರೋಗ್ರಾಂನ ಸಾವಿರದ ಒಂದು ಪಾಲು). ಸಾವಿರಕ್ಕೆ ಒಂದು ಪಾಲು ಸೀಸವಿರುವ ಧೂಳು ಬರೀ 2.5 ಮೈಕ್ರೋಗ್ರಾಂನಷ್ಟು ಆ ಹನಿಗೆ ಸೇರಿದರೆ ಸಾಕು, 5 ಇದ್ದದ್ದು 10 ಎಂದು ಓದುತ್ತದೆ. ಆ ಧೂಳು ಕಣ್ಣಿಗೆ ಕಾಣುವುದೇ ಕಷ್ಟ.

ಆದ್ದರಿಂದ ಮೊದಲು ಮಗುವಿನ ಕೈಯನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಕ್ರಿಮಿ ಸಾಯಬಹುದು, ಸೀಸದ ಧೂಳು ಹೋಗುವುದಿಲ್ಲ. ಅದು ತೊಳೆದ ಮೇಲಿನ ಕೆಲಸ. ತೊಳೆದ ಕೈ ಬಟ್ಟೆಯನ್ನಾಗಲಿ ಮೇಜನ್ನಾಗಲಿ ಮುಟ್ಟಬಾರದು. ಚುಚ್ಚಿದ ಮೇಲೆ ಮೊದಲ ಹನಿ ಒರೆಸಿ ಬಿಡಬೇಕು. ಬೆರಳನ್ನು ಹಿಂಡಬಾರದು, ಚರ್ಮದ ಮೇಲೆ ಹರಿದ ರಕ್ತವನ್ನು ಕೆರೆದು ತುಂಬಬಾರದು. ಇಷ್ಟೆಲ್ಲ ಮಾಡಿದರೂ ಬೆರಳಿನ ರಕ್ತದಲ್ಲಿ 5 ಅಥವಾ ಹೆಚ್ಚು ಬಂದರೆ ತೋಳಿನ ರಕ್ತನಾಳದಿಂದ ಮತ್ತೆ ತೆಗೆದು ಖಚಿತಪಡಿಸಿಕೊಳ್ಳಲೇಬೇಕು.

ಸೀಸ ಬಹುಪಾಲು ಕೆಂಪು ರಕ್ತಕಣಗಳಲ್ಲೇ ಇರುತ್ತದೆ. ಕಣಗಳನ್ನು ಬೇರ್ಪಡಿಸಿದ ರಕ್ತದ ತಿಳಿ, ಅಂದರೆ ಸೀರಂ ಕಳಿಸಿದರೆ ಸೀಸ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಪೂರ್ಣ ರಕ್ತವೇ ಬೇಕು. ಸೂಕ್ಷ್ಮ ಖನಿಜಗಳ ಪರೀಕ್ಷೆಗೆಂದೇ ತಯಾರಾದ, ಕಡುನೀಲಿ ಮುಚ್ಚಳದ, ಇಡಿಟಿಎ (ಲೋಹಗಳನ್ನು ಹಿಡಿದಿಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬ್ ಬಳಸಿ, ತುಂಬಿದೊಡನೆ ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ರಕ್ತ ಹೆಪ್ಪುಗಟ್ಟಿದರೆ ಮಾದರಿ ವ್ಯರ್ಥ.

ಜೊತೆಗೆ ಕಬ್ಬಿಣದ ಪರೀಕ್ಷೆಯನ್ನೂ ಸೇರಿಸಿ. ಇದನ್ನು ನಾವು ಒತ್ತಿ ಕೇಳುತ್ತಿದ್ದೇವೆ. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ಸಾಗಿಸುವ ಪ್ರೋಟೀನೇ ಸೀಸಕ್ಕೂ ಬಾಗಿಲು ತೆರೆಯುತ್ತದೆ. ಕಬ್ಬಿಣ ಕಡಿಮೆಯಾದಾಗ ದೇಹ ಆ ಬಾಗಿಲುಗಳನ್ನು ಹೆಚ್ಚಿಸುತ್ತದೆ, ಸೀಸವೂ ಹೆಚ್ಚು ನುಗ್ಗುತ್ತದೆ. ರಕ್ತಹೀನತೆಯಿರುವ ಮಗುವಿಗೆ ಸೀಸದ ಅಂಕಿಯೊಂದನ್ನೇ ಕೈಗಿತ್ತು ಮನೆಗೆ ಕಳಿಸಿದರೆ ಅರ್ಧ ಕೆಲಸವೂ ಆಗಿರುವುದಿಲ್ಲ. ಸತುವನ್ನೂ ನೋಡುವುದಾದರೆ ಇಡಿಟಿಎ ಟ್ಯೂಬ್ ಬೇಡ, ಅದೇ ನೀಲಿ ಮುಚ್ಚಳದ, ಇಡಿಟಿಎ ಇಲ್ಲದ ಟ್ಯೂಬ್ ಬೇಕು. ಸಾಮಾನ್ಯ ರಬ್ಬರ್ ಮುಚ್ಚಳದಿಂದಲೇ ಸತು ಇಳಿಯುತ್ತದೆ. ರಕ್ತಕಣ ಒಡೆದರೂ ಅಂಕಿ ಏರುತ್ತದೆ.

ಇನ್ನು ಚಿಕಿತ್ಸೆ. ಎಲ್ಲಕ್ಕಿಂತ ಮೊದಲು ಸೀಸದ ಮೂಲ ದೂರವಾಗಬೇಕು. ಬಳಿಕವೂ ರಕ್ತದ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ, ಮೂಳೆಯಲ್ಲಿ ಕೂತದ್ದು ವರ್ಷಗಟ್ಟಲೆ ಜಿನುಗುತ್ತದೆ. ಹಾಗಾಗಿ ವಾರದೊಳಗೆ ಮರುಪರೀಕ್ಷೆ ಮಾಡಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ ಲೋಹ ಹೊರಹಾಕುವ ಔಷಧಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದು ರಕ್ತದ ಸೀಸ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ಮುಟ್ಟಿದಾಗ. ಅದರಲ್ಲೂ ಹೆಸರು ಹೋಲುವ ಎರಡು ಔಷಧಿಗಳಿವೆ: ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ ಸೀಸಕ್ಕೆ ಕೊಡುವಂಥದ್ದು, ಕ್ಯಾಲ್ಸಿಯಂ ಇಲ್ಲದ ಡೈಸೋಡಿಯಂ ಇಡಿಟಿಎ ರಕ್ತದ ಕ್ಯಾಲ್ಸಿಯಂ ಅನ್ನೇ ಕಸಿದು ಹೃದಯ ನಿಲ್ಲಿಸಬಲ್ಲದು. ಈ ಅದಲುಬದಲಿನಿಂದ ಮಕ್ಕಳು ಸತ್ತದ್ದಿದೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬಾರದೆಂದು ಆದೇಶಿಸಿ. ಔಷಧಿ ಕೊಟ್ಟು ಮೂತ್ರಕ್ಕೆ ಲೋಹ ಇಳಿಸಿ, ಆಮೇಲೆ ಅಳೆದು ‘ವಿಷ ಹೆಚ್ಚಿದೆ’ ಎಂದು ವರದಿ ಕೊಡುವ ಪರೀಕ್ಷೆಯನ್ನು ಒಪ್ಪಬೇಡಿ. ಅದಕ್ಕೆ ಹೋಲಿಸಿ ನೋಡಲು ಸಾಮಾನ್ಯ ಮಟ್ಟವೆಂಬುದೇ ಇಲ್ಲ.

ಟ್ಯೂಬ್ ಖರೀದಿಯ ಟೆಂಡರಿನಲ್ಲಿ ಈ ಷರತ್ತು ಇರಲಿ: ಪ್ರತಿ ಲಾಟಿನಿಂದ ಹತ್ತು ಖಾಲಿ ಟ್ಯೂಬ್ ತೆಗೆದು, ಶುದ್ಧ ದ್ರಾವಣ ತುಂಬಿಸಿ ಸೀಸ ಅಳೆಯಬೇಕು, ಸೀಸ ಕಂಡರೆ ಇಡೀ ಲಾಟ್ ವಾಪಸ್. ಸೂಜಿಗೂ ಇದೇ ನಿಯಮ.

ಇಂತಿ,
ಲೋಹ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ದುಡಿಯುವವರು