ತೂಗಿ ಎಣಿಸುವ ಲೆಕ್ಕ

ಪ್ರೀತಿಯ ಶೀಬಾ,

ಕರ್ತನ ಕೃಪೆ ನಿನ್ನ ಮೇಲಿರಲಿ. ಮೋಲ್ ಲೆಕ್ಕ ಕಂಡರೆ ತಲೆ ತಿರುಗುತ್ತದೆ ಎಂದು ಬರೆದಿದ್ದೀಯ. ಮೋಲ್ ಎಂದರೆ ಡಜನ್ ಇದ್ದ ಹಾಗೆ, ಬರೀ ಒಂದು ಎಣಿಕೆ. ಡಜನ್‌ಗೆ 12, ಮೋಲ್‌ಗೆ 6.022 × 10²³. ಪರಮಾಣುವನ್ನು ಬೆರಳಿಟ್ಟು ಎಣಿಸಲಾಗದು, ಅದಕ್ಕೇ ತೂಗಿ ಎಣಿಸುತ್ತೇವೆ. 18 ಗ್ರಾಂ ನೀರು, ಅಂದರೆ ಮೂರೂವರೆ ಟೀ ಚಮಚದಷ್ಟು, ಒಂದು ಮೋಲ್ ಅಣು. ನೀರಿನ ಒಂದು ಅಣುವಿನಲ್ಲಿ ಮೂರು ಪರಮಾಣು, ಆದ್ದರಿಂದ ಪ್ರಶ್ನೆ ಪರಮಾಣು ಕೇಳಿದ್ದರೆ ಅದನ್ನು ಮೂರರಿಂದ ಗುಣಿಸಬೇಕು. ಅರ್ಧ ತಪ್ಪುಗಳು ಹುಟ್ಟುವುದೇ ಇಲ್ಲಿ.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವನ್ನೇ ತೆಗೆದುಕೋ. ಅದು ತಾಮ್ರದ ಸಲ್ಫೇಟ್, ಸೂತ್ರ CuSO₄·5H₂O. ಅದರಲ್ಲಿ ಚುಕ್ಕೆಯ ನಂತರದ 5 ನೀರಿಗೆ ಮಾತ್ರ ಸೇರಿದ್ದು. ತಾಮ್ರ 1, ಗಂಧಕ 1, ಹೈಡ್ರೋಜನ್ 10. ಆಕ್ಸಿಜನ್ ಮಾತ್ರ ಎರಡು ಕಡೆ ಕೂತಿದೆ: ಸಲ್ಫೇಟಿನಲ್ಲಿ 4, ನೀರಿನಲ್ಲಿ 5, ಸೇರಿ 9. ಒಟ್ಟು 21. ಒಂದು ಮೋಲ್‌ಗೆ 249.7 ಗ್ರಾಂ ತೂಗಬೇಕು. ಹರಳಿನೊಳಗಿನ ನೀರು ಮರೆತು 159.6 ತೂಗಿದೆಯೋ, ಬೇಕಾದ ತಾಮ್ರದಲ್ಲಿ ನೂರಕ್ಕೆ 64ರಷ್ಟೇ ಸಿಕ್ಕೀತು.

ಸಮೀಕರಣ ಸರಿದೂಗಿಸುವಾಗ ಸೂತ್ರದ ಕೆಳಗಿನ ಅಂಕಿ ಮುಟ್ಟಲೇಬೇಡ. ನೀರಿನ ಆಕ್ಸಿಜನ್ನಿಗೆ ಒಂದು 2 ಅಂಟಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಆಗಿಬಿಡುತ್ತದೆ. ಬದಲಿಸುವುದೇನಿದ್ದರೂ ಸೂತ್ರದ ಎಡಕ್ಕೆ ಬರೆಯುವ ಅಂಕಿ. ಸಿಲಿಂಡರಿನ ಪ್ರೋಪೇನ್ (C₃H₈) ಉರಿಯುವುದನ್ನು ಬರೆ: ಮೊದಲು ಕಾರ್ಬನ್, ಆಮೇಲೆ ಹೈಡ್ರೋಜನ್, ಕೊನೆಗೆ ಆಕ್ಸಿಜನ್. ಅದು ಒಂಟಿಯಾಗಿ ನಿಂತಿರುವುದರಿಂದ ಹೆಚ್ಚಿಸಿದರೂ ಬೇರೇನೂ ಕದಲುವುದಿಲ್ಲ. ಪ್ರೋಪೇನ್ 1, ಆಕ್ಸಿಜನ್ 5. ಆ ಕಡೆ ಕಾರ್ಬನ್ ಡೈಆಕ್ಸೈಡ್ 3, ನೀರು 4. ಗ್ರಾಂನಲ್ಲಿ ತೂಗಿ ನೋಡು: ಈ ಕಡೆ 44 ಮತ್ತು 160 ಸೇರಿ 204, ಆ ಕಡೆ 132 ಮತ್ತು 72 ಸೇರಿದರೂ 204. ಜ್ಞಾನೋಕ್ತಿ 11:1 ಮೋಸದ ತ್ರಾಸಿನ ಬಗ್ಗೆ ಹೇಳುವುದು ಅಂಗಡಿಗೆ ಮಾತ್ರವಲ್ಲ. ಉತ್ತರ ಹೊಂದಿಸಲೆಂದು ಅಂಕಿ ತಿದ್ದುವ ಕೈಗೂ ಅದೇ ಮಾತು. ಹಾಗೆಂದು ಭಕ್ತಿಯಿಂದಲೇ ಎಣಿಕೆ ಸರಿಹೋಗದು. ಪರಮಾಣು ಸಿದ್ಧಾಂತ ಕೊಟ್ಟ ಡಾಲ್ಟನ್ ಕ್ವೇಕರ್ ಎಂಬ ಕ್ರೈಸ್ತ ಪಂಥದವನು, ಆದರೂ ನೀರಿನಲ್ಲಿ ಎರಡಿರುವ ಹೈಡ್ರೋಜನ್ ಒಂದೇ ಎಂದು ಲೆಕ್ಕ ಹಾಕಿದ್ದ.

ಕ್ಲೋರಿನ್ನಿನ ಪರಮಾಣು ತೂಕ 35.5ರಿಂದ ಪ್ರೋಟಾನ್ ಸಂಖ್ಯೆ 17 ಕಳೆದು ಹದಿನೆಂಟೂವರೆ ನ್ಯೂಟ್ರಾನ್ ಎಂದು ಬರೆಯಬೇಡ. 35.5 ಸರಾಸರಿ, ಒಂದೊಂದು ಪರಮಾಣುವಿನಲ್ಲಿ 18 ಇಲ್ಲವೇ 20.

ನೀನು ಕೇಳಿದ ಇನ್ನೊಂದು ಮಾತು. ಪ್ರೋಟಾನ್‌ಗಳು ಒಂದನ್ನೊಂದು ತಳ್ಳಿದರೂ ನ್ಯೂಕ್ಲಿಯಸ್ ಚದುರದಿರಲು ದೇವರ ಕೈಯೇ ಕಾರಣ ಎಂದು ಕೆಲವರು ಕೊಲೊಸ್ಸೆ 1:17 ತೋರಿಸುತ್ತಾರೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡ. ಅಲ್ಲಿ ಹಿಡಿದಿಡುವುದು ಪ್ರಬಲ ನ್ಯೂಕ್ಲಿಯರ್ ಬಲ. ಆ ವಚನ ಹೇಳುವುದು ಸಮಸ್ತಕ್ಕೂ ಆತನೇ ಆಧಾರ ಎಂದು, ಆ ಬಲವೂ ಅದರೊಳಗೇ ಬಂತು. ನಮಗೆ ತಿಳಿಯದ ಸಂದಿಯಲ್ಲಷ್ಟೇ ಆತನನ್ನು ಕೂರಿಸಿದರೆ, ಸಂದಿ ಮುಚ್ಚಿದ ದಿನ ಏನು ಮಾಡುತ್ತೀ?

ಬ್ಯೂಟೇನ್ ಸಮೀಕರಣ ನೀನೇ ಬಿಡಿಸಿ ಕಳಿಸು. ಆಕ್ಸಿಜನ್ನಿಗೆ ಆರೂವರೆ ಬರುತ್ತದೆ, ಗಾಬರಿಯಾಗಬೇಡ. ಎಲ್ಲವನ್ನೂ ಎರಡರಿಂದ ಗುಣಿಸು.

ನಿನ್ನ ದೊಡ್ಡಪ್ಪ