ಹದಿನಾಲ್ಕು ಹಾಡು, ಒಂದು ರಾತ್ರಿ, ಒಬ್ಬಳು ನಾದಿನಿ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಅಜ್ಜಿಯರು ಹಾಡಿದ ಹದಿನಾಲ್ಕು ಹಾಡುಗಳ ಧ್ವನಿಮುದ್ರಣವನ್ನು ತಿದ್ದಿ ಜೋಡಿಸುವ ಕೆಲಸ ನಿನ್ನೆ ರಾತ್ರಿ ಮುಗಿಯಿತು. ಮುಗಿಯಿತು ಎಂದು ಬರೆದ ಮೇಲೂ ಒಮ್ಮೆ ಎದ್ದು ಹೋಗಿ, ಮೂರು ಕಡೆ ಇಟ್ಟಿರುವ ಪ್ರತಿಗಳು ಇದ್ದಲ್ಲೇ ಇವೆಯೇ ಎಂದು ನೋಡಿಕೊಂಡು ಬಂದೆ. ದೀಪಾವಳಿಯ ಹೊತ್ತಿಗೆ ಆದದ್ದೇನು ಎಂಬುದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿ ಅತ್ತವಳು ನಾನೇ. ಆ ಪುರಾಣ ಮತ್ತೆ ಬೇಡ. ಗುಡುಗಿತು, ಕರೆಂಟು ಹೋಯಿತು, ಬ್ಯಾಟರಿ ಕೆಟ್ಟು ಎರಡು ವರ್ಷವಾಗಿದ್ದ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು, ನಾನು ತಿದ್ದುತ್ತಿದ್ದ ಹಾಡುಗಳ ಕಡತ ಹಾಳಾಯಿತು. ಮೂಲ ಧ್ವನಿಮುದ್ರಣವಿದ್ದ ಕಾರ್ಡನ್ನು ಯಾರದೋ ಮದುವೆಯ ರೆಕಾರ್ಡಿಂಗಿಗೆಂದು ವಾರದ ಹಿಂದಷ್ಟೇ ನನ್ನ ಕೈಯಾರೆ ಖಾಲಿ ಮಾಡಿದ್ದೆ. ಇನ್ನು ಗುಡುಗನ್ನು ಬೈದು ಏನು ಪ್ರಯೋಜನ?

ಆ ಕಾರ್ಡನ್ನು ಎರಡು ದಿನ ಜಾಲಾಡಿ ಎರಡು ಹಾಡು ಹುಡುಕಿಕೊಟ್ಟು ಬಿಡಿಗಾಸೂ ಮುಟ್ಟದ ಬಿ.ಎಂ. ರಸ್ತೆಯ ಅಂಗಡಿಯ ಹುಡುಗನಿಗೆ, ಹೆಡ್‌ಫೋನ್ ಕೊಟ್ಟ ಎದುರುಮನೆಯ ಮೇಷ್ಟರಿಗೆ, ಒಂದು ವಾರ ಅಡುಗೆಮನೆಯ ಕಡೆ ನನ್ನನ್ನು ಬಿಡದ ಅತ್ತೆಗೆ, ಮಕ್ಕಳ ಹೋಂವರ್ಕ್ ಮಾಡಿಸಿದ ಯಜಮಾನರಿಗೆ ಧನ್ಯವಾದ. ಹಾಡಿದ ಅಜ್ಜಿಯರಲ್ಲಿ ಹಿರಿಯರಿಗೆ ಹೆದರುತ್ತಲೇ ವಿಷಯ ತಿಳಿಸಿದಾಗ, "ಕಳೆದದ್ದು ನಿನ್ನ ಪೆಟ್ಟಿಗೆ ತಾನೇ ಮಗಳೇ, ನನ್ನ ಬಾಯಿ ಇದೆಯಲ್ಲ" ಎಂದರು. ಆ ಮಾತಿಗೆ ಧನ್ಯವಾದ ಹೇಳುವ ಶಕ್ತಿ ನನಗಿಲ್ಲ.

ಉಳಿದದ್ದೆಲ್ಲ ನನ್ನ ನಾದಿನಿಯ ಪಾಲು. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ.

ಅವಳು ಬೆಂಗಳೂರಿನಿಂದ ಬಂದದ್ದು ಹಾಸನಾಂಬೆಯ ದರ್ಶನಕ್ಕೆ. ಹೊರಗಿನವರಿಗಾಗಿ ಒಂದು ಮಾತು: ನಮ್ಮೂರ ದೇವಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ಕೆಲವೇ ದಿನ. ಬಲಿಪಾಡ್ಯಮಿ ಕಳೆದು ಬಾಗಿಲು ಹಾಕಿದರೆ ಮತ್ತೆ ಮುಂದಿನ ವರ್ಷವೇ. ಹಚ್ಚಿಟ್ಟ ದೀಪ ಅಲ್ಲಿಯವರೆಗೂ ಆರುವುದಿಲ್ಲ ಎಂದು ನಂಬಿಕೆ. ಮರುದಿನ ಮುಂಜಾವಿನ ದರ್ಶನದ ಟಿಕೆಟು ಅವಳ ಚೀಲದಲ್ಲಿತ್ತು, ಉಡಬೇಕಾದ ಸೀರೆ ಇಸ್ತ್ರಿಯಾಗಿ ಕುರ್ಚಿಯ ಮೇಲಿತ್ತು.

ನನ್ನ ಕೋಣೆಗೆ ಬಂದು ಅವಳು ಆಡಿದ ಮೊದಲ ಮಾತು: "ಅತ್ತಿಗೆ, ಮೌಸಿನಿಂದ ಕೈ ತೆಗೆಯಿರಿ."

ತೆಗೆದೆ. ಆ ಹೊತ್ತಿಗೆ ನನ್ನ ಬೆರಳು ಒಂದು ಕಡತವನ್ನು ಅಳಿಸುವುದರಲ್ಲಿತ್ತು. ಹಾಡುಗಳಿದ್ದ ದೊಡ್ಡ ಕಡತದ ಹೆಸರನ್ನೇ ಹೊತ್ತು, ಬಾಲಕ್ಕೆ 'ವಾಲ್' ಎಂದು ಅಂಟಿಸಿಕೊಂಡಿದ್ದ, ಅರ್ಥವಾಗದ ಕಡತ. ಕಸವೆಂದುಕೊಂಡಿದ್ದೆ. ದೊಡ್ಡ ಕಡತಕ್ಕೆ ಇನ್ನೂ ಸೇರಬೇಕಾದ ಬದಲಾವಣೆಗಳು ಕಾಯುತ್ತಾ ಕುಳಿತಿರುವುದು ಅದರಲ್ಲೇ ಎಂದು ಅವಳು ಹೇಳಿದಾಗ ಕೈ ತಣ್ಣಗಾಯಿತು. ಎಲ್ಲವನ್ನೂ ಮೊದಲು ಬೇರೆ ಡಿಸ್ಕಿಗೆ ಪ್ರತಿ ಮಾಡಿ, ಮೂಲದ ಡಿಸ್ಕನ್ನು ಬಿಚ್ಚಿ ದೇವರ ಮನೆಯ ಗೂಡಿನಲ್ಲಿಟ್ಟಳು. ಅವಳಿಗೆ ದೇವರಲ್ಲಿ ಅಷ್ಟೇನೂ ನಂಬಿಕೆಯಿಲ್ಲ, ಆ ಜಾಗಕ್ಕೆ ಮಕ್ಕಳ ಕೈ ನಿಲುಕುವುದಿಲ್ಲ ಎಂಬುದು ಅವಳ ಲೆಕ್ಕ.

ನಾನು ಹಾಡು ತಿದ್ದಲು ಬಳಸುವ ಆಡಾಸಿಟಿ ಎಂಬ ತಂತ್ರಾಂಶ ಮೊದಲೆಲ್ಲ ಧ್ವನಿಯನ್ನು ಸಾವಿರಾರು ಪುಟ್ಟ ಕಡತಗಳಾಗಿ ಒಂದು ಫೋಲ್ಡರಿನಲ್ಲಿ ಚೆಲ್ಲಿಡುತ್ತಿತ್ತು. 2021ರಲ್ಲಿ ಬಂದ 3.0 ಆವೃತ್ತಿಯಿಂದ ಎಲ್ಲವೂ ಒಂದೇ ಕಡತದಲ್ಲಿ. ಅದರ ಒಳಗಿರುವುದು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ, ಅಂದರೆ ಡೇಟಾಬೇಸ್. ನಾನು ಆರು ವರ್ಷ ಅದರಲ್ಲೇ ಕತ್ತರಿಸಿ ಅಂಟಿಸಿದವಳು, ಆದರೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿದವಳಲ್ಲ. ನಾದಿನಿಯ ಹೊಟ್ಟೆಪಾಡೇ ದತ್ತಸಂಚಯ. "ಇದು ಬ್ಯಾಂಕಿನ ಲೆಕ್ಕದ ಪುಸ್ತಕದ ಹಾಗೆಯೇ ಅತ್ತಿಗೆ, ಹಣದ ಬದಲು ಅಜ್ಜಿಯರಿದ್ದಾರೆ" ಎಂದು ಕಪ್ಪು ತೆರೆಯಲ್ಲಿ ಏನೇನೋ ಬರೆದಳು. ರಾತ್ರಿ ಹನ್ನೊಂದರ ಸುಮಾರಿಗೆ ತುಂಡುಗಳು ಹೊರಬಂದವು.

ತುಂಡುಗಳು ಎಂದರೆ ತುಂಡುಗಳೇ. ಸೆಕೆಂಡಿಗೆ ಧ್ವನಿಯ 44,100 ಮಾದರಿಗಳಂತೆ (ಸ್ಯಾಂಪಲ್) ಮುದ್ರಿಸಿದರೆ ಒಂದು ತುಂಡಿನಲ್ಲಿ ಹಿಡಿಸುವುದು ಹೆಚ್ಚೆಂದರೆ 2,62,144 ಮಾದರಿ, ಅಂದರೆ ಆರು ಸೆಕೆಂಡಿಗೂ ಕೊಂಚ ಕಡಿಮೆ. ಮೂರೂವರೆ ಗಂಟೆಯ ಹಾಡು ಎರಡು ಸಾವಿರಕ್ಕೂ ಹೆಚ್ಚು ಚೂರಾಗಿ ಬಿದ್ದಿತ್ತು. ಬಹುಪಾಲಿಗೆ ಕ್ರಮಸಂಖ್ಯೆ ಉಳಿದಿತ್ತು, ಅವು ಸಾಲಾಗಿ ನಿಂತವು. ಆದರೆ ಯಾವುದರ ನಂತರ ಯಾವುದು ಎಂದು ಹೇಳುವ ನಕ್ಷೆಯೇ ಹಾಳಾಗಿದ್ದರಿಂದ, ನಾನು ಕತ್ತರಿ ಆಡಿಸಿದ ಕಡೆಯೆಲ್ಲ ಗೊಂದಲ. ಗದ್ದಲ ತೆಗೆದಿದ್ದ ಹಾಡುಗಳ ತುಂಡುಗಳಂತೂ ಎರಡೆರಡು ಸಲ ಬಂದಿದ್ದವು, ಸ್ನಾನಕ್ಕೆ ಮೊದಲು ಮತ್ತು ಸ್ನಾನದ ನಂತರ ಎಂಬಂತೆ. ಸಂಖ್ಯೆ ಕಳೆದುಕೊಂಡ ನೂರಿಪ್ಪತ್ತು ಅನಾಥ ಚೂರುಗಳು ಬೇರೆ.

ಅವನ್ನು ಕಿವಿಯಿಂದಲೇ ಜೋಡಿಸಬೇಕಿತ್ತು. ಒಂದು ಹೆಡ್‌ಫೋನ್ ಅವಳಿಗೆ, ಒಂದು ನನಗೆ. ಒಂದು ಚೂರು ಉಸಿರೆಳೆಯುವಲ್ಲಿ ನಿಲ್ಲುತ್ತದೆ, ಆ ಉಸಿರಿನ ಉಳಿದರ್ಧ ಎಲ್ಲಿದೆ ಎಂದು ಹುಡುಕಬೇಕು. ಸೋಬಾನೆಯ ಪಲ್ಲವಿ ಪ್ರತಿ ಸಲವೂ ಒಂದೇ ಎಂದು ನಾನು ತಿಳಿದಿದ್ದೆ. ಒಂದರಲ್ಲಿ ಹಿಂದೆ ಕೋಳಿ ಕೂಗುತ್ತದೆ, ಇನ್ನೊಂದರಲ್ಲಿ ಬಳೆ ಸದ್ದು, ಮತ್ತೊಂದರಲ್ಲಿ ಅಜ್ಜಿ ಎಲೆಯಡಿಕೆ ಪಕ್ಕಕ್ಕೆ ಸರಿಸಿ ಹಾಡುತ್ತಾರೆ. ಆ ಗುರುತುಗಳಿಂದಲೇ ಹಾದಿ ಸಿಕ್ಕಿತು.

ಮೂರು ಗಂಟೆಯ ಹೊತ್ತಿಗೆ ಒಂದು ಚೂರು ಬಂತು. ಹಾಡು ನಡೆದಿರುವಾಗಲೇ ಹಿಂದಿನಿಂದ ಒಂದು ಹೆಂಗಸಿನ ದನಿ: "ಅಯ್ಯೋ, ಹನಿ ಬೀಳುತ್ತಿದೆ, ಕಣದಲ್ಲಿ ಕಾ". ಅಷ್ಟೇ.

ನನ್ನ ಅಮ್ಮ. ಜನವರಿಯಲ್ಲಿ ಮುದ್ರಣಕ್ಕೆ ಹೋದಾಗ ಜೊತೆಗೆ ಬಂದಿದ್ದರು. ಕಾಲವಲ್ಲದ ಮಳೆ ಹನಿಯಿತು. ಹಾಡು ಬಿಟ್ಟು ಎಲ್ಲರೂ ಕಣಕ್ಕೆ ಓಡಿ, ಒಣಗಲು ಹರಡಿದ್ದ ಕಾಫಿಗೆ ಟಾರ್ಪಾಲು ಹೊದಿಸಿ ಬಂದೆವು. ಯಂತ್ರ ತನ್ನ ಪಾಡಿಗೆ ಓಡುತ್ತಿತ್ತು. ಆಗಸ್ಟಿನಲ್ಲಿ ಅಮ್ಮ ಹೋದರು. ಕರೆಂಟು ಹೋದ ಆ ಸಂಜೆ ಕುಳಿತು ನಾನು ಮಾಡಿದ ಕೆಲಸವೆಂದರೆ, ಹದಿನಾಲ್ಕು ಹಾಡುಗಳಲ್ಲಿ ಎಲ್ಲೆಲ್ಲಿ ಅಮ್ಮನ ದನಿ ಇದೆಯೋ ಅಲ್ಲೆಲ್ಲ ಕತ್ತರಿಸಿ ತೆಗೆದದ್ದು. ಹಾಡಿನ ಶುದ್ಧತೆಗೆ ಎಂದು ಮನೆಯವರಿಗೆ ಹೇಳಿದ್ದೆ. ಸುಳ್ಳು. ಕೇಳಲಾಗುತ್ತಿರಲಿಲ್ಲ, ಅದಕ್ಕೆ ತೆಗೆದೆ. ಕಡತವನ್ನು ಸರಿಯಾಗಿ ಉಳಿಸಿ ಮುಚ್ಚಿದ್ದರೆ ಆ ಚೂರುಗಳನ್ನು ತಂತ್ರಾಂಶವೇ ಗುಡಿಸಿ ಎಸೆಯುತ್ತಿತ್ತು. ಮುಚ್ಚುವ ಮೊದಲೇ ಕರೆಂಟು ಹೋಗಿತ್ತು.

ನಾನು ಹೆಡ್‌ಫೋನ್ ತೆಗೆದಿಟ್ಟೆ. ನಾದಿನಿ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ, ತಿರುಗಿಯೂ ನೋಡಲಿಲ್ಲ. ಹೊಸ ಫೋಲ್ಡರೊಂದನ್ನು ತೆರೆದು 'ತೆಗೆಯಬೇಡಿ' ಎಂದು ಹೆಸರಿಟ್ಟು, "ಈಗ 'ಫಿ'ಯಿಂದ ಶುರುವಾಗುವ ಚೂರು ಹುಡುಕಬೇಕು ಅತ್ತಿಗೆ" ಎಂದಳು. ಹುಡುಕಿದೆವು. ನಲವತ್ತು ನಿಮಿಷ ಹಿಡಿಯಿತು. ಅವಳಿಗೇ ಸಿಕ್ಕಿತು, ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟಳು: "ಫಿ ಇದೆಯಲ್ಲ, ಏಳಿರೇ!"

ಬೆಳಕು ಹರಿದಾಗ ಟಿಕೆಟಿನ ಹೊತ್ತು ಮೀರಿತ್ತು. ಅಂದೇ ಸಾರ್ವಜನಿಕ ದರ್ಶನದ ಕೊನೆಯ ದಿನ, ಸರದಿ ಸಾಲು ಎಲ್ಲಿಯವರೆಗೆ ಬಂದಿದೆ ಎಂದು ಕೇಳಿಯೇ ಅವಳು ಕೈಚೆಲ್ಲಿದಳು. ಸೀರೆ ಮಡಿಸಿ ಚೀಲಕ್ಕಿಟ್ಟು, ಅತ್ತೆಯ ಬೈಗುಳವನ್ನು ಉಪ್ಪಿಟ್ಟಿನ ಜೊತೆ ನುಂಗಿ, ಮಧ್ಯಾಹ್ನದ ಬಸ್ಸಿಗೆ ಹೊರಟಳು. ಬಸ್ ನಿಲ್ದಾಣದಲ್ಲಿ ನಾನು ಏನೋ ಹೇಳಲು ಹೋದೆ. "ಹೊಸ ಬ್ಯಾಟರಿ ಹಾಕಿಸಿ" ಎಂದಳು.

ಹಾಕಿಸಿದ್ದೇನೆ. ಮುಂದಿನ ಆಶ್ವಯುಜಕ್ಕೆ ಸರದಿ ಸಾಲಿನಲ್ಲಿ ಅವಳ ಜಾಗ ಹಿಡಿದು ನಿಲ್ಲುವವಳು ನಾನು, ಇದು ಎಲ್ಲರ ಮುಂದೆ ಹೇಳಿದ ಮಾತು.

ಹಾಡುಗಳನ್ನು ಈ ವಾರ ಕಳಿಸುತ್ತೇನೆ. ಐದನೆಯ ಹಾಡಿನ ನಡುವೆ ಒಬ್ಬರು ಕೂಗುತ್ತಾರೆ, ಹಾಡು ನಿಲ್ಲುತ್ತದೆ, ಒಂದಷ್ಟು ಹೊತ್ತು ಓಡುವ ಕಾಲುಗಳ ಸದ್ದು, ಟಾರ್ಪಾಲಿನ ಪಟಪಟ. ಅದು ತಪ್ಪಿ ಉಳಿದದ್ದಲ್ಲ. ದಯವಿಟ್ಟು ಯಾರೂ ಫೋನ್ ಮಾಡಿ ತಿದ್ದಬೇಡಿ.